ನಗರದಲ್ಲಿ ಒಂದೇ ದಿನವಿದ್ದರೆ ದೂರದ್ದನ್ನು ಮೊದಲು ನೋಡಿ

ದೊಡ್ಡ ನಗರದಲ್ಲಿ ಸುತ್ತಾಡಲು ಒಂದೇ ದಿನವಿದ್ದರೆ, ರಾತ್ರಿ ನೀವು ರೈಲು ಹತ್ತುವ ನಿಲ್ದಾಣದಿಂದ ಅತಿ ದೂರವಿರುವ ಜಾಗಕ್ಕೆ ಬೆಳಿಗ್ಗೆಯೇ ಹೋಗಿಬಿಡಿ. ಉಳಿದವನ್ನು ನಿಲ್ದಾಣದ ಕಡೆಗೆ ಮರಳುತ್ತಾ ನೋಡಿ. ಬೆಳಗಿನ ಕಚೇರಿ ದಟ್ಟಣೆ ಸಾಮಾನ್ಯವಾಗಿ ಊರಿನ ಒಳಮುಖವಾಗಿರುತ್ತದೆ. ಹೊರಗೆ ಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊತ್ತು ಮೀರಿದರೆ ಕೊನೆಯ ಒಂದು ಜಾಗವನ್ನು ಕೈಬಿಟ್ಟರಾಯಿತು, ರೈಲು ತಪ್ಪುವ ಆತಂಕವಿರುವುದಿಲ್ಲ. ಚೀಲವನ್ನು ಮಾತ್ರ ನಿಲ್ದಾಣದಲ್ಲೇ ಇಡಲು ಅವಕಾಶವಿದ್ದರೆ ದಯವಿಟ್ಟು ಇಟ್ಟು ಹೊರಡಿ; ಹೆಗಲು ನೋಯುತ್ತಿದ್ದರೆ ಮಧ್ಯಾಹ್ನದ ನಂತರ ಏನನ್ನೂ ನೆಮ್ಮದಿಯಿಂದ ನೋಡಲಾಗದು. ದೂರದ ಜಾಗದ ಬಾಗಿಲು ತಡವಾಗಿ ತೆರೆಯುವುದಾದರೆ ಈ ಉಪಾಯ ಕೈಕೊಡುತ್ತದೆ. ಅನೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆಯೂ ಇರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.