ಟಿಪ್ಸ್ ಚೀಲ ಖಜಾಂಚಿ ಕೈಯಲ್ಲಿ: ಕಲಬುರಗಿ ಗುಂಪುಗಳ ಜೊತೆ ನನ್ನ ಅನುಭವ

ಗುಂಪು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರಿಗೆ ಗೊತ್ತೇ ಇದೆ, ಟೂರಿನ ಮೊದಲ ಜಗಳ ಏಳುವುದು ಊಟದ ಬಿಲ್ ಬಂದಾಗ. ಟಿಪ್ಸ್ ಯಾರು ಕೊಡಬೇಕು, ಎಷ್ಟು ಕೊಡಬೇಕು, ಯಾಕೆ ಕೊಡಬೇಕು. ನಾನು ಈ ದುಡ್ಡನ್ನು ಪ್ಯಾಕೇಜಿನಿಂದ ಬೇರೆ ಮಾಡಿ ಒಂದು ಚೀಲಕ್ಕೆ ಹಾಕಿಸ್ತೇನೆ, ಚೀಲ ಗುಂಪಿನವರ ಹತ್ತಿರವೇ ಇರಲಿ ಅಂದಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನ ಹಾಗೇ ಟೂರಿನ ಧಂಧೆ ಮಾಡುವ ಗೆಳೆಯರೊಬ್ಬರು ಜೋರಾಗಿ ನಕ್ಕರು. "ನಮ್ಮ ಮಂದಿ ಖಾನಾವಳಿಯೊಳಗ ಬಡೆಸೋಪಿನ ತಟ್ಟ್ಯಾಗ ಹತ್ತು ರೂಪಾಯಿ ಇಡಾಕ ಎರಡು ಸಲ ವಿಚಾರ ಮಾಡ್ತಾರ. ಅಮೆರಿಕಕ್ಕ ಐದು ಸಾವಿರ ಬ್ಯಾರೆ ಕೊಡ್ತಾರೇನ್ರಿ?" ಕೊಟ್ಟರು. ಮೂರ್ನಾಲ್ಕು ಸೀಸನ್ನಿಂದ ಕೊಡ್ತಾ ಇದ್ದಾರೆ. ಹೋದ ದೀಪಾವಳಿಗೆ ಅದೇ ಗೆಳೆಯರು ನನ್ನ ಲೆಕ್ಕದ ಹಾಳೆ ಕೇಳಿ ತಗೊಂಡು ಹೋದರು.

ಇದಕ್ಕೆ ಮುಂಚೆ ಮಾಡಿ ನೋಡಿದ್ದು ಒಂದೂ ನಿಲ್ಲಲಿಲ್ಲ. ಪ್ಯಾಕೇಜಿನಲ್ಲೇ ಟಿಪ್ಸ್ ಸೇರಿಸಿದೆ. ರೇಟು ಪಕ್ಕದವರಿಗಿಂತ ಐದು ಸಾವಿರ ಜಾಸ್ತಿ ಕಂಡಿತು, ಒಂದು ಇಡೀ ಕುಟುಂಬ ಕೈಬಿಟ್ಟು ಹೋಯಿತು. ನನಗೆ ಆಗಿನ ಲೆಕ್ಕದಲ್ಲಿ ಐವತ್ತು ಅರವತ್ತು ಸಾವಿರದ ಪೆಟ್ಟು. ಆಮೇಲೆ ಅವರವರೇ ಕೊಡಲಿ ಅಂತ ಬಿಟ್ಟೆ. ಒಬ್ಬರು ಇಪ್ಪತ್ತು ಡಾಲರ್ ಇಟ್ಟರೆ ಪಕ್ಕದವರು ಸುಮ್ನೆ ಎದ್ದು ಹೋಗ್ತಿದ್ದರು. ಬಡಿಸಿದ ಹುಡುಗಿ ನನ್ನ ಹತ್ತಿರ ಬಂದು ಊಟದಲ್ಲಿ ಏನಾದರೂ ಕಡಿಮೆ ಆಯ್ತಾ ಅಂತ ಕೇಳುವಳು. ದಿನಾ ಬಸ್ಸಿನಲ್ಲಿ ಟೋಪಿ ತಿರುಗಿಸಿಯೂ ನೋಡಿದೆ. ಎಲ್ಲರ ಜೇಬಲ್ಲಿ ನೂರರ ನೋಟು. ಚಿಲ್ಲರೆ ಹೊಂದಿಸುವುದರಲ್ಲೇ ಅರ್ಧ ಗಂಟೆ ಹೋಗ್ತಿತ್ತು.

ಕೊನೆಗೆ ನಿಂತಿದ್ದು ಚೀಲದ ಪದ್ಧತಿ. ಬುಕಿಂಗ್ ದಿನವೇ ತಲೆಗೆ ಎಷ್ಟು ಅಂತ ಬರೆದು ಕೊಡ್ತೇನೆ. ಫಾರೆಕ್ಸ್ (ವಿದೇಶಿ ದುಡ್ಡು) ತಗೊಳ್ಳುವಾಗ ಅಷ್ಟನ್ನು ಸಣ್ಣ ನೋಟಿನಲ್ಲಿ ಬೇರೆ ಇಟ್ಟುಕೊಳ್ಳಬೇಕು. ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಷಾಬಾದ್‌ನಲ್ಲಿ ಚೆಕ್-ಇನ್ ಆದ ಮೇಲೆ ಗುಂಪಿನವರೇ ಒಬ್ಬ ಖಜಾಂಚಿಯನ್ನು ಆರಿಸುತ್ತಾರೆ. ಚೀಲ ಅವರದು. ಬಿಲ್ ಓದಿ ಇಷ್ಟು ಕೊಡಿ ಅನ್ನುವುದು ಮಾತ್ರ ನಾನು. ಉಳಿದದ್ದನ್ನು ವಾಪಸ್ ಇಳಿದಾಗ ಎಲ್ಲರ ಎದುರಿಗೆ ಎಣಿಸಿ ಹಂಚುತ್ತಾರೆ. ಗಂಟು ಬಿಚ್ಚಿದ್ದು ಅಲ್ಲೇ. ಟೂರಿನವನ ಕೈಗೆ ದುಡ್ಡು ಹೋದರೆ ಅವನು ತಿಂದ ಅಂತಲೇ ಅನುಮಾನ. ನಿವೃತ್ತ ಮಾಸ್ತರೋ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿಯೋ ಚೀಲ ಹಿಡಿದರೆ ಯಾರೂ ಚಕಾರ ಎತ್ತುವುದಿಲ್ಲ. ಒಂದು, ಐದು ಡಾಲರಿನ ನೋಟು ಬೇಕಾದಷ್ಟು ಹೇಗೆ ಸಿಗುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನಾನು ಓಡಾಡಿ ಹೊಂದಿಸಿಕೊಂಡ ದಾರಿ. ಎರಡು ವಾರ ಮೊದಲೇ ಕೇಳಿಡಿ, ಇಷ್ಟು ಸಾಕು.

ಅಮೆರಿಕಕ್ಕೆ ತಲೆಗೆ ಐದು ಸಾವಿರದ ಹತ್ತಿರ ಇಡ್ತೇನೆ. ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಶೇ 18, ಬುಫೆಯಾದರೆ ತಲೆಗೆ ಎರಡು ಡಾಲರ್. ಇಷ್ಟೊಂದು ಯಾಕೆ ಅಂತ ಪ್ರತಿ ಗುಂಪೂ ಕೇಳುತ್ತದೆ. ಟಿಪ್ಸ್ ಬರುವ ಕೆಲಸಕ್ಕೆ ಅಲ್ಲಿನ ಕೇಂದ್ರ ಕಾನೂನು ಮಾಲೀಕನಿಂದ ಕೊಡಿಸುವ ನಗದು ಕೂಲಿ ಗಂಟೆಗೆ ಬರೀ 2.13 ಡಾಲರ್. 1991ರಿಂದ ಅಷ್ಟೇ ಇದೆ. ಉಳಿದದ್ದು ಹೆಚ್ಚಾಗಿ ಗಿರಾಕಿಯ ಟಿಪ್ಸ್‌ನಿಂದಲೇ ಬರಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು, ಆದರೂ ಅಲ್ಲೂ ಟಿಪ್ಸ್ ಕೊಡುವ ರೂಢಿ ಇದೆ. ಇದನ್ನು ಕೇಳಿದ ತೊಗರಿ ವ್ಯಾಪಾರಿಯೊಬ್ಬರು ಬಸ್ಸಿನಲ್ಲೇ ಎದ್ದು ನಿಂತು ಎಲ್ಲರಿಗೂ ಹೇಳಿದರು: "ಇದು ನಮ್ಮ ಗಂಜಿನ ಹಮಾಲಿ ಇದ್ದಂಗ್ರೀ. ಮಾಲಿನ ರೇಟು ಬ್ಯಾರೆ, ಚೀಲಾ ಹೊತ್ತಾಂವನ ರೊಕ್ಕ ಬ್ಯಾರೆ." ಆ ಗುಂಪಿನಲ್ಲಿ ಮತ್ತೆ ಯಾರೂ ಕೇಳಲಿಲ್ಲ.

ಆದರೆ ಅಮೆರಿಕದಲ್ಲಿ ಬಿಲ್ ಓದದೆ ಕೊಟ್ಟರೆ ಎರಡು ಸಲ ಕೊಟ್ಟ ಹಾಗೆ. ಆರು ಅಥವಾ ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ಬಹಳ ಕಡೆ ಟಿಪ್ಸನ್ನು ತಾವೇ ಬಿಲ್ಲಿಗೆ ಸೇರಿಸಿಬಿಡ್ತಾರೆ. ನ್ಯೂಜೆರ್ಸಿಯ ಒಂದು ಇಂಡಿಯನ್ ಹೋಟೆಲಿನ ಬಿಲ್ ಈಗಲೂ ಕಣ್ಣ ಮುಂದಿದೆ. ಊಟ 310ರ ಹತ್ತಿರ, ತೆರಿಗೆ 20 ಚಿಲ್ಲರೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಗ್ರ್ಯಾಚುಯಿಟಿ (ಅಂದರೆ ಟಿಪ್ಸೇ) ಶೇ 18 ಅಂತ 56 ಡಾಲರ್. ಒಟ್ಟು 386. ಅದರ ಕೆಳಗೆ ಮತ್ತೆ ಟಿಪ್ ಅಂತ ಬರೆದು ಖಾಲಿ ಗೆರೆ! ಖಜಾಂಚಿ ಮಾಸ್ತರು ಆಗಲೇ ನೋಟು ಎಣಿಸಿ ತಟ್ಟೆಗೆ ಇಡೋಕೆ ಹೊರಟಿದ್ದರು. "ಮಾಸ್ತರ, ತಡೀರಿ" ಅಂದೆ. ಗೆರೆಯ ಮೇಲೆ ಸೊನ್ನೆ ಬರೆದು ಸಹಿ ಹಾಕಿದೆವು. ಆ ಒಂದು ಊಟದಲ್ಲಿ ಐವತ್ತು ಡಾಲರ್ ಮೇಲೆ ಉಳಿಯಿತು. ಚೀಲದ ಮೇಲೆ ಗುಂಪಿಗೆ ನಂಬಿಕೆ ಕುದುರಿದ್ದೂ ಅವತ್ತೇ.

ಸಿಂಗಪುರದ ಮೆನುವಿನಲ್ಲಿ ರೇಟಿನ ಮುಂದೆ ಎರಡು ಪ್ಲಸ್ ಗುರುತು ಇರುತ್ತದೆ. ಒಂದು ಶೇ 10ರ ಸರ್ವಿಸ್ ಚಾರ್ಜ್, ಇನ್ನೊಂದು ಜಿಎಸ್‌ಟಿ, 2024ರಿಂದ ಶೇ 9. ಅದರ ಮೇಲೆ ಒಂದು ಪೈಸೆ ಬೇಡ. ಥಾಯ್ಲೆಂಡಿನ ಸಾದಾ ಹೋಟೆಲಿನಲ್ಲಿ ಉಳಿದ ಚಿಲ್ಲರೆ ಬಿಟ್ಟರೆ ಆಯ್ತು. ಈ ಎರಡೂ ಸೇರಿ ತಲೆಗೆ ಮುನ್ನೂರು ರೂಪಾಯಿ ಸಾಕು. ದುಬೈಗೆ ಆರುನೂರು.

ಯುರೋಪಿನಲ್ಲಿ ಊರಿಗೊಂದು ಪದ್ಧತಿ. ಫ್ರಾನ್ಸಿನಲ್ಲಿ ಸರ್ವಿಸ್ ಚಾರ್ಜ್ ಮೆನುವಿನ ರೇಟಿನೊಳಗೇ ಸೇರಿದೆ. ಸ್ವಿಟ್ಜರ್ಲೆಂಡಿನಲ್ಲೂ 1974ರಿಂದ ಹಾಗೇ. ಜರ್ಮನಿಯಲ್ಲಿ ದುಡ್ಡನ್ನು ಮೇಜಿನ ಮೇಲೆ ಬಿಟ್ಟು ಬರಬೇಡಿ. ಬಿಲ್ 46 ಆದರೆ ಕೊಡುವಾಗಲೇ 50 ಅಂತ ಬಾಯಿಬಿಟ್ಟು ಹೇಳಬೇಕು. ಇಟಲಿಯಲ್ಲಿ ಬಹಳ ಕಡೆ ತಲೆಗೆ ಎರಡು ಮೂರು ಯೂರೋ ಕೊಪೆರ್ತೋ ಅನ್ನುವ ಚಾರ್ಜ್ ಬೀಳುತ್ತದೆ, ಕೂತದ್ದಕ್ಕೆ ಮತ್ತು ಬ್ರೆಡ್ಡಿಗೆ. ಹದಿನಾರು ಜನ ಅಂದರೆ ನಲವತ್ತು ಯೂರೋ! "ನಾವು ಆ ರೊಟ್ಟಿ ಮುಟ್ಟೇ ಇಲ್ಲಲ್ರೀ ಸರ" ಅಂತ ಗುಂಪಿನ ಅಕ್ಕಾವ್ರು ಹಟ ಹಿಡಿದರು. ಮುಟ್ಟದಿದ್ದರೂ ಕೊಡಬೇಕು, ಮೆನುವಿನಲ್ಲಿ ಬರೆದಿರ್ತಾರೆ. ಅದಕ್ಕೇ ಅಲ್ಲಿ ನಾನು ಬೇರೆ ಟಿಪ್ಸ್ ಕೊಡಿಸುವುದಿಲ್ಲ.

ಜಪಾನಿಗೆ ಚೀಲವೇ ಬೇಡ. ಒಸಾಕಾದಲ್ಲಿ ನಮ್ಮವರೊಬ್ಬರು ಕೇಳದೆ ಐನೂರು ಯೆನ್ ಬಿಟ್ಟು ಬಂದರು. ಹುಡುಗ ಎರಡು ಕೈಯಲ್ಲಿ ಆ ನಾಣ್ಯ ಹಿಡಿದುಕೊಂಡು ಸಿಗ್ನಲ್‌ವರೆಗೆ ಓಡಿ ಬಂದ. ನಮ್ಮ ಮಂದಿ ಮಾತ್ರ ಏನಾದರೂ ಕೊಡಲೇಬೇಕು ಅಂತ ಚಡಪಡಿಸುತ್ತಿದ್ದರು. ಹಾಗಾಗಿ ಮುಂದಿನ ಸಲ ಬೀದರ್‌ನಿಂದ ಸಣ್ಣ ಬಿದ್ರಿ ಕೀ ಚೈನುಗಳನ್ನು ತಗೊಂಡು ಹೋದೆ, ಒಂದಕ್ಕೆ ಇನ್ನೂರರ ಆಸುಪಾಸು. ಎರಡು ರಾತ್ರಿ ಉಳಿದ ಕಡೆ ಊಟ ಬಡಿಸಿದ ಹಿರಿಯಮ್ಮನಿಗೆ ಒಂದು ಕೊಟ್ಟೆವು. ಕಪ್ಪು ಲೋಹದ ಮೇಲಿನ ಬೆಳ್ಳಿ ಹೂವನ್ನು ಬೆರಳಿನಿಂದ ಸವರಿ ಸವರಿ ನೋಡಿದರು, ಬಗ್ಗಿ ತಗೊಂಡರು. ದುಡ್ಡು ಬೇಡ ಅಂದವರು ಇದನ್ನು ಬೇಡ ಅನ್ನಲಿಲ್ಲ.

ಇನ್ನೊಂದು ಪ್ರಯೋಗ. ಮೂರು ರಾತ್ರಿ ಒಂದೇ ಹೋಟೆಲ್ ಇದ್ದರೆ ಟಿಪ್ಸನ್ನು ಕೊನೆಯ ದಿನಕ್ಕೆ ಇಡದೆ ಮೊದಲ ರಾತ್ರಿಯೇ ಕೊಡಿಸಿ ನೋಡಿದೆ. ಯುರೋಪಿನಲ್ಲಿ ಇಪ್ಪತ್ತು ಯೂರೋ. ಮರುದಿನ ಬೆಳಿಗ್ಗೆ ನಮ್ಮ ಮೇಜಿಗೆ ಕೇಳುವ ಮುಂಚೆ ಬಿಸಿನೀರು, ಮೊಸರು ಬಂತು. ನಾವು ಬುತ್ತಿಯಲ್ಲಿ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರೂ ಯಾರೂ ತಕರಾರು ಮಾಡಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲ್ಲ. ಯಾರ ಕೈಗೆ ಕೊಡಬೇಕು ಅನ್ನುವುದರ ಮೇಲಿದೆ. ಅದನ್ನು ಹೇಗೆ ಗುರುತಿಸ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಒಂದು ವಿಷಯ ಮನಸ್ಸಿಗೆ ಕೊರೆಯುತ್ತಿತ್ತು. ಕೊಟ್ಟದ್ದು ಬಡಿಸಿದವರಿಗೇ ಹೋಗುತ್ತದಾ? ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್‌ನಿಂದ ಕಾನೂನೇ ಇದೆ, ಮಾಲೀಕ ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಹಂಚಬೇಕು. ಅಲ್ಲಿ ಬಿಲ್ಲಿನಲ್ಲಿ ಶೇ 12.5 ಸರ್ವಿಸ್ ಚಾರ್ಜ್ ಬಂದಿದ್ದರೆ ನಾವು ತೆಗೆಸುವುದಿಲ್ಲ, ನೆಮ್ಮದಿಯಿಂದ ಕೊಡ್ತೇವೆ. ಹೈದರಾಬಾದ್‌ನಲ್ಲಿ ಮಾತ್ರ ತೆಗೆಸ್ತೇನೆ. ವಿಮಾನದ ಹಿಂದಿನ ರಾತ್ರಿ ಊಟಕ್ಕೆ ಹೋದ ಕಡೆ ಕೇಳದೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಹಾಗೆ ತಾವಾಗಿ ಸೇರಿಸಬಾರದು ಅಂತ ಗ್ರಾಹಕ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿದಿದೆ. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೇನೆ ಅಂದ ಮೇಲೆ ಬೇರೆ ಬಿಲ್ ಬಂತು. ಉಳಿದ ದುಡ್ಡಿನಲ್ಲಿ ಅರ್ಧವನ್ನು ಬಡಿಸಿದ ಹುಡುಗರ ಕೈಗೇ ಕೊಟ್ಟೆವು.

ಊರಲ್ಲೂ ಈಗ ಇದೇ ರೂಢಿ ಮಾಡಿಕೊಂಡಿದ್ದೇನೆ. ಸನ್ನತಿಗೋ ಬೀದರ್ ಕೋಟೆಗೋ ಒಂದು ದಿನದ ಗುಂಪು ಹೋದರೆ ಖಾನಾವಳಿಯಲ್ಲಿ ತಟ್ಟೆಯ ಟಿಪ್ಸ್ ಬೇರೆ, ಒಳಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಅಕ್ಕಂದಿರಿಗೆ ನೂರು ಬೇರೆ. ಖಜಾಂಚಿಯೇ ಒಳಗೆ ಹೋಗಿ ಕೊಟ್ಟು ಬರಬೇಕು, ಗಲ್ಲಾದವರ ಕೈಯಲ್ಲಿ ಕೊಡುವಂತಿಲ್ಲ.

ಆರಕ್ಕಿಂತ ಕಡಿಮೆ ಜನ ಇದ್ದರೆ ಇಷ್ಟೆಲ್ಲ ಬೇಡ, ಒಬ್ಬರು ಕೊಟ್ಟು ರಾತ್ರಿ ಲೆಕ್ಕ ಮಾಡಿಕೊಂಡರೆ ನಡೆಯುತ್ತದೆ. ಇಪ್ಪತ್ತು ದಾಟಿದರೆ ಇಬ್ಬರು ಖಜಾಂಚಿ ಇಡಿ. ಒಬ್ಬರು ಸಸ್ಯಾಹಾರಿ ಮೇಜಿಗೆ, ಒಬ್ಬರು ಇನ್ನೊಂದಕ್ಕೆ. ಈ ಎರಡು ಮೇಜಿನ ಬಿಲ್ಲುಗಳನ್ನು ಮಾತ್ರ ಯಾವತ್ತೂ ಒಂದು ಮಾಡಬೇಡಿ.