ತಲೆ ಮೇಲೆ ಬಿಸಿಲು, ತೋಡಿನಲ್ಲಿ ಕೆಂಪು ನೀರು

ಬೆಳಗ್ಗೆ ದಾಟಿ ಹೋಗಿದ್ದ ತೋಡು, ಅಂದರೆ ಬೆಟ್ಟದ ಹಳ್ಳ, ಅದು. ಆಗ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಇಳಿದು ಬಂದು ಅದೇ ಜಾಗದಲ್ಲಿ ನಿಂತೆವು. ನಮ್ಮ ಮೇಲೆ ಬಿಸಿಲಿತ್ತು. ನೀರು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಒಣಗಿದ ಎಲೆ, ಕಡ್ಡಿ, ಬಿಳಿ ನೊರೆ ತೇಲಿಕೊಂಡು ಬರುತ್ತಿತ್ತು.

ಜೊತೆಗೆ ಬೆಂಗಳೂರಿನ ಐದು ಜನ ಹುಡುಗರಿದ್ದರು. ‘ದಾಟಬೇಡಿ’ ಅಂದೆ.

ಅದು ಅಕ್ಟೋಬರ್ ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಯಾರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಜರಿದವು ಅಂತ ನೋಡಿದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ಆದರೆ ಚಾರಣಿಗರಿಗೆ ಜಾಸ್ತಿ ಮೋಸ ಮಾಡುವುದು ತುಲಾ ತಿಂಗಳ, ಅಂದರೆ ಅಕ್ಟೋಬರ್-ನವೆಂಬರ್‌ನ ಮಳೆ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಎಲ್ಲೋ ಒಂದು ಬೆಟ್ಟದ ಏಣಿನ ಮೇಲೆ ಗುಡುಗು ಸಹಿತ ಸುರಿಯುತ್ತದೆ. ಮುಂಗಾರಿನಲ್ಲಿ ನೆನೆದ ಮಣ್ಣು ಇನ್ನೂ ನೀರು ಕುಡಿಯುವ ಸ್ಥಿತಿಯಲ್ಲಿರುವುದಿಲ್ಲ. ಬಿದ್ದದ್ದೆಲ್ಲ ನೇರ ತೋಡಿಗೆ ಬರುತ್ತದೆ.

ದೂರದ ಮರುಭೂಮಿಯಲ್ಲೂ ಇದೇ ಕಥೆ. ಅಮೆರಿಕದ ಅರಿಜೋನಾದಲ್ಲಿ ಆಂಟೆಲೋಪ್ ಕ್ಯಾನ್ಯನ್ ಅಂತ ಒಂದು ಕಿರಿದಾದ ಕಲ್ಲಿನ ಕಂದರ ಇದೆ. 1997ರ ಆಗಸ್ಟ್ 12ರಂದು ಅಲ್ಲಿ 11 ಜನ ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದ ಮೇಲ್ಗಡೆ. ಅದನ್ನು ಓದಿದ ಮೇಲೆ ನಾನು ತಲೆ ಮೇಲಿನ ಆಕಾಶ ನೋಡುವುದಕ್ಕಿಂತ ತೋಡು ಹುಟ್ಟುವ ಕಡೆಯ ಆಕಾಶ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಕಿವಿಯನ್ನೂ ಕೊಡುತ್ತೇನೆ. ನೀರು ಹೆಚ್ಚುವಾಗ ಜುಳುಜುಳು ಹೋಗಿ ಒಂದೇ ಸಮನೆ ಮೊರೆತ ಶುರುವಾಗುತ್ತದೆ. ಒಳಗೆ ಕಲ್ಲು ಉರುಳುವ ‘ಟಕ್ ಟಕ್’ ಕೇಳಿಸಿದರೆ ಇನ್ನು ಮಾತೇ ಇಲ್ಲ, ದಡದಿಂದಲೂ ಮೇಲಕ್ಕೆ ಹೋಗಬೇಕು.

‘ಅಣ್ಣಾ, ಕತ್ತಲಾಗುತ್ತೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟಿಬಿಡೋಣ್ವಾ?’ ಅಂತ ಒಬ್ಬ ಕೇಳಿದ. ಒಳ್ಳೇ ಮನಸ್ಸಿನಿಂದಲೇ ಕೇಳಿದ. ಆದರೆ ಹರಿಯುವ ನೀರಿನಲ್ಲಿ ಸೊಂಟಕ್ಕೆ ಕಟ್ಟಿದ ಹಗ್ಗ ಕಾಪಾಡುವುದಿಲ್ಲ. ಬಿದ್ದರೆ ಅದೇ ಹಗ್ಗ ಜಗ್ಗಿ ಮನುಷ್ಯನನ್ನು ನೀರಿನ ಅಡಿಯಲ್ಲೇ ಹಿಡಿದಿಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮಟ್ಟದ ನೀರೂ ಗಟ್ಟಿ ಆಳನ್ನು ಕೆಡವುತ್ತದೆ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದು. ವರ್ಷಗಳ ಹಿಂದೆ ಇನ್ನೊಂದು ತೋಡಿನಲ್ಲಿ ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಗಿದುಕೊಂಡೇ ಇಳಿದಿದ್ದೆ. ಜಾರಿದೆ. ಬ್ಯಾಗಿಗೆ ನೀರು ತುಂಬಿ ನನ್ನನ್ನು ಕವುಚಿ ಹಾಕಿತು. ಒಂದು ಬೇರು ಕೈಗೆ ಸಿಕ್ಕಿದ್ದರಿಂದ ಇವತ್ತು ಬರೆಯುತ್ತಿದ್ದೇನೆ. ಅವತ್ತಿನಿಂದ ನೀರಿಗೆ ಇಳಿಯುವ ಮೊದಲು ಎರಡೂ ಪಟ್ಟಿ ಬಿಚ್ಚಿಸುತ್ತೇನೆ, ಶೂ ಮಾತ್ರ ಬಿಚ್ಚಲು ಬಿಡುವುದಿಲ್ಲ. ಕಿರಿದಾದ ಜಾಗ ಬಿಟ್ಟು ನೀರು ಅಗಲವಾಗಿ ಹರಡಿಕೊಂಡ ಕಡೆ ದಾಟುತ್ತೇವೆ. ಕೆಳಗಡೆ ಜಲಪಾತ ಇರುವ ಕಡೆ ಇಳಿಯುವುದೇ ಇಲ್ಲ.

ಅವತ್ತು ಕಾದೆವು. ದಂಡೆಯಲ್ಲಿ ನೀರು ಮುಟ್ಟುವ ಕಡೆ ಒಂದು ಕಾಫಿ ಕೋಲು ನೆಟ್ಟೆ. ಹತ್ತು ನಿಮಿಷದಲ್ಲಿ ನೀರು ಒಂದು ಗೇಣು ಏರಿತು. ಹುಡುಗರು ಮಾತು ನಿಲ್ಲಿಸಿದರು. ಎಲ್ಲರೂ ಎತ್ತರದ ಬಂಡೆಗೆ ಹೋಗಿ ಕೂತು, ಉಳಿದಿದ್ದ ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ಹಂಚಿಕೊಂಡೆವು. ಮಧ್ಯದಲ್ಲಿ ಒಬ್ಬ ಬಹಿರ್ದೆಸೆಗೆ ಎದ್ದ. ತೋಡಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗುಂಡಿ ತೋಡಿ, ಮುಚ್ಚಿ ಬಾ ಅಂದೆ. ಕೆಳಗಿನ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುವುದು ಈ ತೋಡುಗಳಿಂದಲೇ, ಕಪ್ಪು ಪೈಪಿನಲ್ಲಿ. ಮೇಲೆ ನಾವು ಬಿಟ್ಟದ್ದು ಅವರ ಅಡುಗೆಮನೆಗೆ ಹೋಗುತ್ತದೆ, ಅಲ್ವಾ? ಆ ಪೈಪನ್ನು ಹಿಡಿದುಕೊಂಡು ದಾಟುವವರನ್ನೂ ನೋಡಿದ್ದೇನೆ. ಅದು ಕಳಚಿದರೆ ಒಂದು ಮನೆಯ ನೀರು ನಿಂತಂತೆ. ಹಾಗೆಯೇ ದಾರಿ ಕೆಸರಾಗಿದೆ ಅಂತ ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ತುಳಿಯಬಾರದು. ಮುಂದಿನ ಮಳೆ ಆ ಗೀಟನ್ನೇ ಹಿಡಿದು ಮಣ್ಣು ಕೊಚ್ಚುತ್ತದೆ. ಕೆಸರಲ್ಲೇ ನಡೆಯಿರಿ. ಶೂ ತೊಳೆದರೆ ಆಯಿತು.

ನಾಲ್ಕೂವರೆಗೆ ಕೋಲಿನ ಬುಡ ಕಾಣಿಸಿತು. ಐದೂವರೆ ದಾಟುವಷ್ಟರಲ್ಲಿ ನೀರು ಮೊಣಕಾಲಿನ ಕೆಳಗೆ ಇಳಿದು ತಳದ ಕಲ್ಲು ಕಾಣುತ್ತಿತ್ತು. ಬೆಟ್ಟದ ತೋಡು ಬೇಗ ಏರುತ್ತದೆ, ಹಾಗೇ ಬೇಗ ಇಳಿಯುತ್ತದೆ. ಮೂವರು ಮೂವರಾಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ನೀರು ಬರುವ ಕಡೆ ಮುಖ ಮಾಡಿ, ಕೋಲು ಊರಿ ಅಡ್ಡಡ್ಡ ಹೆಜ್ಜೆ ಹಾಕಿ ದಾಟಿದೆವು.

ಕಾಡಿನಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಕಕ್ಕಬ್ಬೆ ಕಡೆಯ ಒಂದು ತೋಟದ ಮನೆಯಲ್ಲಿ ಉಳಿಯುವುದೆಂದು ಮೊದಲೇ ಹೇಳಿದ್ದೆ. ಟಾರ್ಚ್ ಬೆಳಕಿನಲ್ಲಿ ತಲುಪಿದಾಗ ಮನೆಯ ಅಮ್ಮ ಅಂಗಳದಲ್ಲೇ ಕಾಯುತ್ತಿದ್ದರು. ‘ಇಲ್ಲಿ ಹತ್ತು ಸೆಂಟ್ಸ್ ಮಳೆಯೂ ಇಲ್ಲ. ಮೇಲೆ ಗುಡುಗಿದ್ದು ಕೇಳಿಸ್ತು. ನೀವು ತೋಡಿನ ಆಚೆಗೇ ಇರ್ತೀರಿ ಅಂದ್ಕೊಂಡೆ’ ಅಂದರು. (ನಮ್ಮ ಕಡೆ ಮಳೆಯ ಲೆಕ್ಕದಲ್ಲಿ ನೂರು ಸೆಂಟ್ಸ್ ಅಂದರೆ ಒಂದು ಇಂಚು.) ಆಮೇಲೆ ಮೆಲ್ಲಗೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತಲೂ ಹೇಳಿದರು.

ಮರುದಿನ ಬೆಳಗ್ಗೆ ಹುಡುಗರು ಬಸ್ಸಿಗೆ ಹೋಗುವ ಮೊದಲು ನಾವೆಲ್ಲ ಆ ಅಮ್ಮನ ಮಗನ ಜೊತೆ ತೋಡಿನ ದಂಡೆ ಹತ್ತಿ ಹೋದೆವು. ಪೈಪ್ ಎರಡು ಕಡೆ ಕಳಚಿತ್ತು. ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಮೇಲೆ ಕಲ್ಲು ಪೇರಿಸಿ ಬಂದೆವು.