ದಂಡ ಕಟ್ಟಿದ ರಸೀದಿ ಮತ್ತು ನನ್ನ ಸನ್ನದು

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಗೆ ನನ್ನ ಹೆಸರು ಸೇರಿ, ವಕೀಲಿಕೆಯ ಸನ್ನದು ಸಿಕ್ಕಿದ್ದು 2019ರಲ್ಲಿ. ಆ ಅರ್ಜಿಯ ಜೊತೆ ನಾನು ಲಗತ್ತಿಸಿದ ಕಾಗದಗಳಲ್ಲಿ, ಅಂಕಪಟ್ಟಿಗಳ ಕೆಳಗೆ, ನ್ಯಾಯಾಲಯದಲ್ಲಿ 500 ರೂಪಾಯಿ ದಂಡ ಕಟ್ಟಿದ ರಸೀದಿಯೂ ಒಂದಿತ್ತು. ಅದೇ ರಸೀದಿಯ ದೆಸೆಯಿಂದ ಅದಕ್ಕೂ ಮೊದಲು ನಾನೊಂದು ಸರ್ಕಾರಿ ನೌಕರಿ ಕಳೆದುಕೊಂಡಿದ್ದೆ.

2012ರ ಮುಂಗಾರಿನಲ್ಲಿ ಹೊಲದ ಬದುವಿನ ವಿಚಾರಕ್ಕೆ ನಮಗೂ ದಾಯಾದಿಗಳಿಗೂ ಜಗಳವಾಯಿತು. ಆಗ ನನಗೆ ಇಪ್ಪತ್ತು ವರ್ಷ. ಅಡ್ಡಗಟ್ಟಿದ್ದು, ಕಪಾಳಕ್ಕೆ ಹೊಡೆದದ್ದು, ಬೈದದ್ದು ಎರಡೂ ಕಡೆಯಿಂದ ನಡೆದಿತ್ತು. ಎರಡೂ ಕಡೆಯವರು ದೂರು ಕೊಟ್ಟರು. ಭಾರತೀಯ ದಂಡ ಸಂಹಿತೆಯ ಕಲಂ 341, 323, 504, 506, ಜೊತೆಗೆ ಒಟ್ಟುಗೂಡಿ ಮಾಡಿದ್ದೆಂದು ತೋರಿಸುವ 34 ಎಂದು ಪ್ರಥಮ ವರ್ತಮಾನ ವರದಿಯಲ್ಲಿ ಬರೆದರು. ಹಳ್ಳಿಯ ಜಗಳಗಳಿಗೆ ನಮ್ಮ ಠಾಣೆಗಳಲ್ಲಿ ಬಾಯಿಪಾಠವಾಗಿರುವ ಜೋಡಣೆ ಅದು. ಮಾರನೆಯ ವರ್ಷ ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ಹಿರಿಯರು ಕೂತು ಬದುವಿಗೆ ಹೊಸ ಕಲ್ಲು ನೆಡಿಸಿ ಜಗಳ ಮುಗಿಸಿದ್ದರು. ನ್ಯಾಯಾಲಯದ ಹೊರಗಿನ ಹೊಂಗೆ ಮರದ ಕೆಳಗೆ ನಮ್ಮ ದೊಡ್ಡಪ್ಪ, "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿ ಬಾರೋ, ಓಡಾಟ ತಪ್ಪುತ್ತೆ" ಎಂದರು. ನ್ಯಾಯಾಧೀಶರು ಆರೋಪದ ಸಾರಾಂಶ ಓದಿ ಹೇಳಿ, ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ ನಾನು "ಹೌದು ಸ್ವಾಮಿ" ಎಂದೆ. ಐದು ನಿಮಿಷದ ಕೆಲಸ. ರಸೀದಿಯನ್ನು ಅಮ್ಮ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟರು.

ಆ ದಿನ ನಮ್ಮಲ್ಲಿ ಯಾರಿಗೂ ತಿಳಿಯದಿದ್ದ ಸಂಗತಿಯೊಂದಿದೆ. ಆ ನಾಲ್ಕೂ ಕಲಂಗಳು ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮಿನ ಪ್ರಕಾರ ರಾಜಿಗೆ ಅವಕಾಶವಿರುವ ಅಪರಾಧಗಳು. ನೊಂದವರು ಒಪ್ಪಿದರೆ ನ್ಯಾಯಾಲಯದ ಅನುಮತಿಯೂ ಬೇಕಿರಲಿಲ್ಲ. ಹಾಗೆ ರಾಜಿಯಾದ ಪ್ರಕರಣಕ್ಕೆ ಖುಲಾಸೆಯ ಪರಿಣಾಮವಿರುತ್ತದೆಂದು ಅದೇ ಕಲಂ ಹೇಳುತ್ತಿತ್ತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಆಗುವುದು ದೋಷನಿರ್ಣಯ, ಅಂದರೆ ಅಪರಾಧಿ ಎಂಬ ತೀರ್ಪು, ದಂಡದ ಮೊತ್ತ 500 ಆಗಲಿ 50 ಆಗಲಿ. ರಾಜಿ ಹೇಗೂ ಆಗಿತ್ತು, ದಾಯಾದಿಗಳು ಪಕ್ಕದಲ್ಲೇ ನಿಂತಿದ್ದರು, ಇಬ್ಬರ ಸಹಿ ಇರುವ ಒಂದು ಹಾಳೆಯ ಅರ್ಜಿ ಸಾಕಿತ್ತು. ಅದೂ ಸಾಧ್ಯವಾಗದಿದ್ದಲ್ಲಿ, 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 3ನೆಯ ಕಲಮಿನಡಿ ಎಚ್ಚರಿಕೆ ಕೊಟ್ಟು ಬಿಡುವಂತೆ ಕೇಳಿಕೊಳ್ಳಬಹುದಿತ್ತು. ಅಂಥವರಿಗೆ ದೋಷನಿರ್ಣಯದಿಂದ ಬರುವ ಅನರ್ಹತೆ ತಗಲುವುದಿಲ್ಲವೆಂದು ಆ ಕಾಯ್ದೆಯ 12ನೆಯ ಕಲಂ ಹೇಳುತ್ತದೆ. ಈಗ 2024ರ ಜುಲೈ 1ರಿಂದ ಸಂಹಿತೆಗಳ ಹೆಸರು, ಕಲಂ ಸಂಖ್ಯೆ ಬದಲಾಗಿವೆ. ಮರದ ಕೆಳಗಿನ ಸಲಹೆ ಮಾತ್ರ ಬದಲಾಗಿಲ್ಲ.

2014ರಲ್ಲಿ ಇಲಾಖೆಯೊಂದರ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಆಯ್ಕೆಯಾದೆ. ದೃಢೀಕರಣ ನಮೂನೆಯಲ್ಲಿ, ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ, ದಂಡ ವಿಧಿಸಲಾಗಿತ್ತೇ ಎಂದು ಒಂದೇ ಉಸಿರಿನಲ್ಲಿ ಕೇಳುವ ಅಂಕಣವಿತ್ತು. ಜೈಲಿಗೆ ಹೋದವರಿಗೆ ಕೇಳುವ ಪ್ರಶ್ನೆ ಇದೆಂದು ತಿಳಿದು "ಇಲ್ಲ" ಎಂದು ಬರೆದೆ. ಪೂರ್ತಿ ಪ್ರಾಮಾಣಿಕವಾಗಿ ಹೇಳಬೇಕೆಂದರೆ, "ದಂಡ" ಎಂಬ ಪದದ ಮೇಲೆ ಪೆನ್ನು ಒಂದು ಕ್ಷಣ ನಿಂತಿತ್ತು. ಪೂರ್ವಾಪರ ಪರಿಶೀಲನೆಗೆ ಊರಿಗೆ ಬಂದ ಪೊಲೀಸ್ ಪೇದೆ ನಮ್ಮ ಜಗಲಿಯಲ್ಲೇ ಕಾಫಿ ಕುಡಿದು, ಠಾಣೆಯ ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ವರದಿ ಮಾಡಿದರು, ಮತ್ತು ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. 2015ರ ಆರಂಭದಲ್ಲಿ ಕಾರಣ ಕೇಳುವ ನೋಟಿಸು ಬಂತು, ಎರಡು ತಿಂಗಳಲ್ಲಿ ಆಯ್ಕೆ ರದ್ದಾಯಿತು. ಆದೇಶದಲ್ಲಿ ಜಗಳದ ಬಗ್ಗೆ ಒಂದು ಸಾಲಿತ್ತು, ಮಾಹಿತಿ ಮುಚ್ಚಿಟ್ಟದ್ದರ ಬಗ್ಗೆ ಒಂದು ಪುಟವಿತ್ತು.

ಸರ್ಕಾರಿ ನೌಕರಿಯ ತಕರಾರು ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಲು ಒಂದು ವರ್ಷದ ಗಡುವಿರುತ್ತದೆ. ನಾನು ಆ ವರ್ಷವನ್ನು ಶಾಸಕರ ಶಿಫಾರಸು ಪತ್ರಕ್ಕಾಗಿ ಅಲೆಯುವುದರಲ್ಲಿ ಕಳೆದೆ. ಗಡುವು ಮುಗಿದ ಕೆಲವು ತಿಂಗಳಿಗೆ, 2016ರ ಜುಲೈ 21ರಂದು, ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು ಅಥವಾ ಸಣ್ಣಪುಟ್ಟ ಅಪರಾಧ, ತಿಳಿಸಿದ್ದರೂ ಹುದ್ದೆಗೆ ಅಡ್ಡಿಯಾಗದಂಥದ್ದು ಆಗಿದ್ದರೆ, ಅದನ್ನು ಮುಚ್ಚಿಟ್ಟ ಲೋಪವನ್ನು ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಮನ್ನಿಸಬಹುದು ಎಂದು ಅದರಲ್ಲಿದೆ. ನಿಜವನ್ನೇ ಬರೆದಿದ್ದರೂ ಪೂರ್ವಾಪರ ತೂಗಿನೋಡುವ ಅಧಿಕಾರ ಪ್ರಾಧಿಕಾರಕ್ಕೆ ಇದ್ದೇ ಇರುತ್ತದೆ, ನೇಮಿಸಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ ಎಂಬುದೂ ಅದೇ ತೀರ್ಪಿನಲ್ಲಿದೆ; ಮೊದಲನೆಯದನ್ನು ಓದಿ ಹಿಗ್ಗುವವರು ಎರಡನೆಯದನ್ನು ಓದುವುದಿಲ್ಲ. ಪೊಲೀಸ್ ಇಲಾಖೆಗಂತೂ ಅಳತೆಗೋಲು ಇನ್ನೂ ಬಿಗಿ: ರಾಜಿಯಿಂದಲೋ ಸಾಕ್ಷಿಗಳು ತಿರುಗಿಬಿದ್ದದ್ದರಿಂದಲೋ ಖುಲಾಸೆಯಾದವರನ್ನು ತೆಗೆದುಕೊಳ್ಳದಿರಲು ಅವಕಾಶವಿದೆಯೆಂದು 2013ರ ಮೆಹರ್ ಸಿಂಗ್ ಪ್ರಕರಣದಲ್ಲೇ ತೀರ್ಮಾನವಾಗಿತ್ತು.

ಅವತಾರ್ ಸಿಂಗ್ ತೀರ್ಪನ್ನು ಓದುವಾಗ ನಾನು ಕಾನೂನು ಕಾಲೇಜು ಸೇರಿದ್ದೆ. ಮೂರನೆಯ ವರ್ಷದಲ್ಲಿ ಸಹಪಾಠಿಗಳು ಕೋಟು ಹೊಲಿಸುತ್ತಿದ್ದಾಗ ನಾನು 1961ರ ವಕೀಲರ ಕಾಯ್ದೆಯ 24ಎ ಕಲಮನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೈತಿಕ ಅಧಃಪತನವನ್ನು ಒಳಗೊಂಡ ಅಪರಾಧಕ್ಕೆ ದೋಷಿಯಾದವರನ್ನು ಪಟ್ಟಿಗೆ ಸೇರಿಸುವಂತಿಲ್ಲ, ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ಆ ಅನರ್ಹತೆ ಇರುವುದಿಲ್ಲ ಎನ್ನುತ್ತದೆ ಅದು. ಜೈಲನ್ನೇ ಕಾಣದ, ದಂಡವನ್ನಷ್ಟೇ ಕಟ್ಟಿದವನಿಗೆ "ಬಿಡುಗಡೆ" ಯಾವ ದಿನ ಎಂಬುದು ಒಂದು ವಿಚಿತ್ರ ಪ್ರಶ್ನೆ. ಬದುವಿನ ಜಗಳದಲ್ಲಿ ಒಂದೇಟು ಹೊಡೆದದ್ದು ನೈತಿಕ ಅಧಃಪತನವೇ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಈ ಪದಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯಿಲ್ಲ, ನ್ಯಾಯಾಲಯಗಳು ಪ್ರಕರಣದ ಸಂಗತಿಗಳನ್ನು ನೋಡಿ ತೀರ್ಮಾನಿಸುತ್ತವೆ. ಅಪಾಯಕಾರಿ ಆಯುಧದಿಂದ ಗಾಯಗೊಳಿಸಿದ್ದಕ್ಕಿರುವ ಕಲಂ 324ರಡಿ ದೋಷಿಯಾಗಿ ಪರಿವೀಕ್ಷಣೆಯ ಮೇಲೆ ಬಿಡುಗಡೆಯಾಗಿದ್ದ ಬ್ಯಾಂಕ್ ನೌಕರರೊಬ್ಬರ ಅಪರಾಧದಲ್ಲಿ ನೈತಿಕ ಅಧಃಪತನವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಹೇಳಿದ್ದು ನನಗೆ ಸರಿಯಾದ ಸಮಯಕ್ಕೆ ಸಿಕ್ಕ ಆಸರೆ.

ಕಾಗದ ಕೂಡಿಸುವುದೇ ನಿಜವಾದ ಕೆಲಸವಾಯಿತು. ನನ್ನ ಬಳಿ ಇದ್ದದ್ದು ಮಾಸಿದ ರಸೀದಿ ಮಾತ್ರ, ಅದರಲ್ಲಿ ಸಿ.ಸಿ. ಸಂಖ್ಯೆಯ (ಕ್ರಿಮಿನಲ್ ಪ್ರಕರಣದ ಸಂಖ್ಯೆ) ಕೊನೆಯ ಅಂಕಿ ಅಳಿಸಿಹೋಗಿತ್ತು. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಕೊಟ್ಟು ಹುಡುಕಿದಾಗ ನನ್ನದೇ ಹೆಸರಿನ ಮೂವರು ಸಿಕ್ಕರು, ಅವರಲ್ಲೊಬ್ಬನ ಮೇಲೆ ಕಳ್ಳತನದ ಪ್ರಕರಣವಿತ್ತು. ಖಾಸಗಿ ಕಂಪನಿಗಳಿಗಾಗಿ ಹಿನ್ನೆಲೆ ಪರಿಶೀಲಿಸುವವರೂ ಇದೇ ಜಾಲತಾಣ ನೋಡುತ್ತಾರಾದ್ದರಿಂದ ತಂದೆಯ ಹೆಸರು, ಊರು ಹೊಂದುತ್ತದೆಯೇ ಎಂದು ಎಲ್ಲರೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಂಖ್ಯೆ ಸಿಕ್ಕ ಮೇಲೆ ನಕಲು ಅರ್ಜಿ ಹಾಕಿ ದೋಷಾರೋಪಣಾ ಪಟ್ಟಿ, ದೈನಂದಿನ ಆದೇಶ ಹಾಳೆ ಮತ್ತು ತೀರ್ಪಿನ ದೃಢೀಕೃತ ಪ್ರತಿಗಳನ್ನು ಪಡೆದೆ. ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಜಗಳದ ಕಾರಣ, ಕಲಂಗಳು, ದಂಡ ಕಟ್ಟಿದ ದಿನ, ನಂತರ ಬೇರೆ ಪ್ರಕರಣವಿಲ್ಲವೆಂಬುದು, ಜೊತೆಗೆ ಆಯ್ಕೆ ರದ್ದಾದ ಸಂಗತಿ, ಎಲ್ಲವನ್ನೂ ಬರೆದೆ. ಕೊನೆಯದನ್ನು ಯಾಕಯ್ಯಾ ಬರೀತೀಯಾ, ಯಾರೂ ಕೇಳಿಲ್ಲವಲ್ಲ ಎಂದು ನನ್ನ ಹಿರಿಯ ವಕೀಲರು ಗದರಿದರು. ತಪ್ಪು ಮಾಹಿತಿ ಕೊಟ್ಟು ಸೇರಿದವರ ಹೆಸರನ್ನು ಎಂದು ಬೇಕಾದರೂ ಪಟ್ಟಿಯಿಂದ ತೆಗೆಯುವ ಅಧಿಕಾರ ವಕೀಲರ ಕಾಯ್ದೆಯ 26ನೆಯ ಕಲಮಿನಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ ಇದೆಯೆಂದು ನಾನು ಉತ್ತರಿಸಿದೆ. ಎರಡನೆಯ ಸಲ ಆ ಭಯದಲ್ಲಿ ಬದುಕುವ ಶಕ್ತಿ ನನಗಿರಲಿಲ್ಲ. ಸಹಪಾಠಿಗಳಿಗಿಂತ ಕೆಲವು ವಾರ ತಡವಾಗಿ ನೋಂದಣಿಯಾಯಿತು.

ಈಗ ತಾಲ್ಲೂಕು ನ್ಯಾಯಾಲಯದಲ್ಲಿ ಇಂಥ ಪ್ರಕರಣಗಳೇ ನನ್ನ ಬಳಿ ಹೆಚ್ಚು ಬರುತ್ತವೆ. ಕಾನೂನು ವಿದ್ಯಾರ್ಥಿಗಳು ತಮ್ಮ ಮೇಲಿನ ದೂರು, ಪ್ರಕರಣ, ಖುಲಾಸೆ ಎಲ್ಲವನ್ನೂ ಘೋಷಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿದ ಮೇಲೆ ಕಾಲೇಜು ಹುಡುಗರೂ ಬರುತ್ತಿದ್ದಾರೆ. ಕಳೆದ ತಿಂಗಳು ಜಾತ್ರೆಯ ಗಲಾಟೆಯೊಂದರಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಅವನ ಚಿಕ್ಕಪ್ಪ ಕರೆತಂದು, "ದಂಡ ಕಟ್ಟಿಸಿಬಿಡಿ ಸಾರ್, ಇವತ್ತೇ ಮುಗೀಲಿ" ಎಂದರು. ಎದುರು ಪಕ್ಷದವರು ಎಲ್ಲಿದ್ದಾರೆಂದು ಕೇಳಿದೆ. ಹೊರಗೆ ಟೀ ಅಂಗಡಿಯಲ್ಲಿದ್ದಾರೆ ಎಂದರು. ಅವರನ್ನೂ ಒಳಗೆ ಕರೆಸಿ, ಬಿಳಿ ಹಾಳೆ ತೆಗೆದುಕೊಂಡು ರಾಜಿ ಅರ್ಜಿ ಬರೆಯಲು ಕೂತೆ.